ಮೂರು ಟ್ರ್ಯಾಕ್ಟರಿಗೆ ಒಂದು ಲೈಸೆನ್ಸ್

ಕಾಕಾಸಾಹೇಬನ ಹತ್ತಿರ ಮೂರು ಟ್ರ್ಯಾಕ್ಟರ್ ಇದ್ದವು. ಅವುಗಳ ಹಿಂದೆ ಕಬ್ಬು ಹೇರುವ ಆರು ಟ್ರೇಲರ್ ಇದ್ದವು. ಹೊಡೆಯಲು ಮೂವರು ಹುಡುಗರಿದ್ದರು. ಅವರಲ್ಲಿ ದೊಡ್ಡವನಿಗೆ ಹದಿನೇಳು. ಲೈಸೆನ್ಸ್ ಮಾತ್ರ ಒಂದೇ ಇತ್ತು. ಅದು ಲಾಲಸಾಬನದು.

ಲಾಲಸಾಬ ಎರಡು ಹಂಗಾಮಿನಿಂದ ಸ್ಟೇರಿಂಗ್ ಮುಟ್ಟಿರಲಿಲ್ಲ. ಎಡಗಣ್ಣಿನ ಪೊರೆ ಬಲಿತು ಬೆಳ್ಳಗಾಗಿತ್ತು, ಬಲಗಣ್ಣಿಗೆ ಹತ್ತು ಮಾರು ಆಚೆಗಿನ ಮನುಷ್ಯ ನೆರಳಾಗಿ ಕಾಣುತ್ತಿದ್ದ. ಆದರೂ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು. ಬೆಳಿಗ್ಗೆ ಬಂದು ಷೆಡ್ಡಿನ ಮುಂದಿನ ಬೇವಿನ ಗಿಡದ ಕೆಳಗೆ ಕೂರುವುದು, ಗಾಲಿಗಳನ್ನು ಬಡಿದು ಗಾಳಿ ನೋಡುವುದು, ಹುಡುಗರಿಗೆ ಗೇರು ಕಲಿಸುವುದು. ಇವು ಬಾಯಿಬಿಟ್ಟು ಹೇಳುವ ಕೆಲಸಗಳು. ಬಾಯಿಬಿಟ್ಟು ಹೇಳದ ಕೆಲಸ ಒಂದಿತ್ತು. ದಾರಿಯಲ್ಲಿ ಏನಾದರೂ ಆದರೆ ಠಾಣೆಗೆ ಹೋಗಿ ‘ನಾನ ಹೊಡೀತಿದ್ನಿರಿ’ ಅನ್ನುವುದು.

ಹಿಂದೊಮ್ಮೆ ಅಂದದ್ದೂ ಆಗಿತ್ತು. ರಾವಸಾಹೇಬ ಎಂಬ ಹದಿನಾರರ ಹುಡುಗ ಕುಡಿದು ಯಾರದೋ ಎತ್ತಿನ ಗಾಡಿಗೆ ಹಾಯಿಸಿದಾಗ ಲಾಲಸಾಬ ಹೋಗಿ ‘ನಾನ’ ಅಂದ. ದಂಡವನ್ನು ಕಾಕಾಸಾಹೇಬ ಕಟ್ಟಿದ. ಹುಡುಗ ಮೂರನೆಯ ದಿನ ಮತ್ತೆ ಸೀಟಿನ ಮೇಲಿದ್ದ, ಮೊದಲಿಗಿಂತ ಜೋರಾಗಿ. ಒಂದೂವರೆ ತಿಂಗಳಿಗೆ ಟ್ರ್ಯಾಕ್ಟರಿನ ಸಮೇತ ಕಾಲುವೆಗೆ ಬಿದ್ದು ಸತ್ತ. ಹೆಣ ಎತ್ತುವಾಗ ಲಾಲಸಾಬ ದಂಡೆಯ ಮೇಲೆ ನಿಂತಿದ್ದ. ಅವನ ಕಣ್ಣು ಮಂದವಾದದ್ದಕ್ಕೆ ವೈದ್ಯರು ಪೊರೆ ಅಂದರು. ಅವನಿಗೆ ಗೊತ್ತಿದ್ದದ್ದು ಇಷ್ಟೇ: ‘ನಾನ’ ಅಂದವನು ತಾನು, ಆ ಹುಡುಗನನ್ನು ಮತ್ತೆ ಸೀಟಿಗೆ ಎತ್ತಿ ಕೂಡಿಸಿದವನೂ ತಾನೇ.

ಹುಡುಗರೇ ಏಕೆ? ವಯಸ್ಸಾದ ಡ್ರೈವರ್ ನಿದ್ದೆ ಕೇಳುತ್ತಾನೆ, ಅಮಾವಾಸ್ಯೆಗೆ ಮನೆಗೆ ಹೋಗುತ್ತೇನೆ ಅನ್ನುತ್ತಾನೆ, ‘ಟ್ರೇಲರಿಗೆ ಬ್ರೇಕ್ ಇಲ್ಲ, ಹಾಕಿಸ್ರಿ’ ಅನ್ನುತ್ತಾನೆ. ಹದಿನಾರರ ಹುಡುಗನಿಗೆ ಟೇಪಿನಲ್ಲಿ ಹಾಡು ಬೇಕು, ಬಾನೆಟ್ಟಿನ ಮೇಲೆ ತನ್ನ ಹೆಸರು ಬರೆಸಬೇಕು, ದಾರಿಯಲ್ಲಿ ನಿಂತ ಹುಡುಗಿಯರು ನೋಡಬೇಕು. ಬ್ರೇಕ್ ಇಲ್ಲದ್ದು ಅವನಿಗೆ ಇನ್ನಷ್ಟು ಖುಷಿ. ಇದನ್ನು ಕಾಕಾಸಾಹೇಬ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಓದುವ ಅಗತ್ಯವೂ ಬಿದ್ದಿರಲಿಲ್ಲ.

ತೊಂಬತ್ತೆರಡರ ದೀಪಾವಳಿ ಮುಗಿದ ವಾರ ದುಂಡವ್ವ ತನ್ನ ಮಗ ಜ್ಞಾನದೇವನ ಕೈ ಹಿಡಿದುಕೊಂಡು ಷೆಡ್ಡಿಗೆ ಬಂದಳು. ಗಂಡ ಸತ್ತ ಮೇಲೆ ಅವಳು ಕಾಕಾಸಾಹೇಬನ ಹೊಲದಲ್ಲೇ ಕಳೆ ಕೀಳುತ್ತಿದ್ದವಳು. ಮಗನಿಗೆ ಹದಿನಾರು ತುಂಬಿತ್ತು. ಮೀಸೆ ಇನ್ನೂ ಬಂದಿರಲಿಲ್ಲ.

“ಅಣ್ಣಾ, ನೀ ಅದೀ ಅಂತ ಬಿಟ್ಟ ಹೊಂಟೇನಿ. ಇವತ್ತಿನಿಂದ ಇಂವಾ ನಿನ್ನ ಅಳಿಯಾ.”

“ಇನ್ನೊಂದ ವರ್ಷ ಸಾಲಿಗೆ ಹೋಗಲಿ ಬಿಡವ್ವಾ ತಂಗೀ.”

“ಸಾಲಿ ಪಟ್ಟಿಯಾಗ ಹೆಸರ ಹೊಡದ ಒಗದಾರ. ದಿನಾ ಟ್ರ್ಯಾಕ್ಟರ್ ಹಿಂದ ಕಬ್ಬು ಜಗ್ಗಿಕೊಂತ ಓಡತಾನ. ಹಿಂದ ಓಡಿ ಗಾಲ್ಯಾಗ ಸಿಗೂಕಿಂತ ಮ್ಯಾಲೆ ಕುಂಡ್ರೂದ ಚಲೋ ಅಲ್ಲೇನು?”

 ಲಾಲಸಾಬ ಹುಡುಗನ ಹೆಗಲ ಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟುಬಿಟ್ಟ. “ಹಂಗಾಮ ಮುಗಿಯೂತನಕ ಇಂವನ ಜೀವಾ ನನ್ನ ಮ್ಯಾಲಿರಲಿ. ಜೀವಂತ ನಿನಗ ಒಪ್ಪಸ್ತೇನಿ.”

ಹುಡುಗ ಕಲಿಯುವುದರಲ್ಲಿ ಚುರುಕು. ಹದಿನೈದು ದಿನಕ್ಕೆ ಎರಡು ತುಂಬಿದ ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಸರಿಸುವುದನ್ನೂ ಕಲಿತ. “ಮಾಮಾ, ನೋಡ!” ಎಂದು ಕೂಗುತ್ತಿದ್ದ. ಲಾಲಸಾಬನಿಗೆ ಕಾಣುತ್ತಿರಲಿಲ್ಲ, ಇಂಜಿನ್ನಿನ ಸದ್ದು ಕೇಳಿಯೇ “ಭೇಷ್” ಅನ್ನುತ್ತಿದ್ದ.

ಆಮೇಲೆ ರೈತರ ಖುಷಿ ಶುರುವಾಯಿತು.

ಖುಷಿ ಎಂದರೆ ಕಬ್ಬು ಹೇರಿಕೊಂಡು ಹೋಗುವ ಡ್ರೈವರನಿಗೆ ರೈತ ಕೊಡುವ ಮರ್ಯಾದೆ. ಹಿಂದೆ ಅದು ಒಂದು ತೆಂಗಿನಕಾಯಿ, ಒಂದು ಹೊತ್ತಿನ ಜೋಳದ ರೊಟ್ಟಿ ಆಗಿತ್ತು. ಬರಬರುತ್ತ ಕೋಳಿಯಾಯಿತು, ಕೋಳಿಯ ಜೊತೆಗೆ ಸಾರಾಯಿ ಪಾಕೀಟು ಬಂತು. ಕೊಡದಿದ್ದರೆ ಟ್ರ್ಯಾಕ್ಟರ್ ಮರುದಿನ ಕೆಟ್ಟು ನಿಲ್ಲುತ್ತದೆ, ಇಲ್ಲವೇ ಪಕ್ಕದ ಹೊಲಕ್ಕೆ ತಿರುಗುತ್ತದೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ಹಗುರಾಗುತ್ತ ಬಿದ್ದಿರುತ್ತದೆ. ಆದ್ದರಿಂದ ಹೆಚ್ಚುಕಡಿಮೆ ಎಲ್ಲರೂ ಕೊಟ್ಟರು. ಸೀಟಿನ ಮೇಲೆ ಕೂತವನು ತಮ್ಮ ಮಗನಿಗಿಂತ ಚಿಕ್ಕವನೆಂದು ಯಾರೂ ಕೈ ಹಿಂದಕ್ಕೆ ಎಳೆಯಲಿಲ್ಲ. ಮಗ ಕುಡಿದರೆ ಬೆನ್ನ ಮೇಲೆ ಬಾರುಕೋಲು ಮುರಿಯುವ ಅಪ್ಪಂದಿರು ಈ ಹುಡುಗನ ಮುಂದೆ “ತಗೋರಿ ಡ್ರೈವರ್ ಸಾಹೇಬ್ರ” ಎಂದು ನಿಂತರು. ಮನೆಯ ಹುಡುಗ ಕುಡಿದರೆ ಪಾಪ, ಕಬ್ಬಿನ ಹುಡುಗ ಕುಡಿದರೆ ಪದ್ಧತಿ.

ಸಂಕ್ರಾಂತಿಯ ಹೊತ್ತಿಗೆ ಲಾಲಸಾಬನ ಮೂಗಿಗೆ ತಿಳಿಯಿತು. ಷೆಡ್ಡಿಗೆ ಬಂದವನ ಗದ್ದ ಹಿಡಿದ.

“ಬಾಯಿ ತಗಿ.”

“ಯಾಲಕ್ಕಿ ತಿಂದೇನಿ ಮಾಮಾ.”

“ಯಾಲಕ್ಕಿನ ಕುಡದ ಬಂದಂಗ ನಾರಾಕತ್ತೈತಿ.”

ಹುಡುಗ ನಕ್ಕ. ಆ ನಗುವಿನಲ್ಲಿ ತಪ್ಪಿನ ಅಳುಕು ಇರಲಿಲ್ಲ. ಅದು ಲಾಲಸಾಬನನ್ನು ಹೆದರಿಸಿತು.

ದುಂಡವ್ವನಿಗೆ ಹೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಮೈ ನೋವ ಆಗ್ತೈತಂತ ಅಣ್ಣಾ. ಎಲ್ಲಾ ಹುಡುಗ್ರೂ ತುಸು ತಗೋತಾರಂತ. ಹಂಗಾಮ ಮುಗದ ಮ್ಯಾಲೆ ಬಿಡತಾನ” ಅಂದಳು. ಅದನ್ನು ಹೇಳುವಾಗ ಅವಳು ಮಗನ ಕಡೆಗಾಗಲಿ ಲಾಲಸಾಬನ ಕಡೆಗಾಗಲಿ ನೋಡಲಿಲ್ಲ.

ಕಾಕಾಸಾಹೇಬನಿಗೆ ಹೇಳಿದ.

“ನಾ ಕುಡಸೇನೇನಪಾ?” ಎಂದ ಕಾಕಾಸಾಹೇಬ, ಎಲೆಗೆ ಸುಣ್ಣ ಹಚ್ಚುತ್ತ. “ರೈತ್ರು ಪ್ರೀತಿಲೆ ಕೊಡ್ತಾರ. ನೀ ಕುಡದಿಲ್ಲೇನು ನಿನ್ನ ಕಾಲಕ್ಕ?”

“ಕುಡದೇನ್ರಿ. ನಲವತ್ತ ದಾಟಿದ ಮ್ಯಾಲೆ, ಟ್ರ್ಯಾಕ್ಟರ್ ನಿಂದರಿಸಿ.”

“ಮತ್ತ ನಿಂದರಿಸಿದ್ರ ಫ್ಯಾಕ್ಟರಿಗೆ ಕಬ್ಬ ಯಾರ ಒಯ್ಯೂದು? ಕುಡದ್ರ ನಿದ್ದಿ ಬರೂದಿಲ್ಲ, ಹೆದರಿಕಿ ಬರೂದಿಲ್ಲ. ಎರಡೂ ಬರದ ಹುಡುಗ ಬೇಕು ನನಗ. ನೀ ಗಿಡದ ಬುಡಕ ಕುಂಡ್ರು. ಕುಂಡ್ರೂದಕ್ಕ ಪಗಾರ ಕೊಡ್ತೇನಿ.”

ಫೆಬ್ರುವರಿಯಲ್ಲಿ ಹುಡುಗ ಕಾಲುವೆಯ ಇಳಿಜಾರಿನಲ್ಲಿ ಗೇರು ತೆಗೆದು ಬಿಡತೊಡಗಿದ. ಹಿಂದಿನ ಇಪ್ಪತ್ತು ಟನ್ ತಾನೇ ನೂಕುತ್ತಿತ್ತು, ಅವನು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ. ಒಮ್ಮೆ ಶಾಲೆಯ ಮಕ್ಕಳು ಚದುರಿ ಗಟಾರಕ್ಕೆ ಹಾರಿದರು. ಒಮ್ಮೆ ಟಾಂಗಾದ ಕುದುರೆ ಬೆದರಿ ಬೇಲಿ ಹಾಯ್ದಿತು. ಪ್ರತಿ ಸಲವೂ ಏನೂ ಆಗಲಿಲ್ಲ. ಏನೂ ಆಗದ ಪ್ರತಿ ಸಲವೂ ಊರು ಅವನನ್ನು ಮೆಚ್ಚಿತು. “ಗ್ಯಾನ್ಯಾ ಅಂದ್ರ ಗ್ಯಾನ್ಯಾ, ಕೈ ಬಿಟ್ಟ ಹೊಡೀತಾನ ಮಗಾ!” ಲಾಲಸಾಬ ಬೇವಿನ ಕೆಳಗೆ ಕೂತು ರಸ್ತೆಯ ಕಡೆ ಕಿವಿ ಇಟ್ಟಿರುತ್ತಿದ್ದ. ಸಂಜೆ ಆ ಇಂಜಿನ್ನಿನ ಸದ್ದು ಷೆಡ್ಡಿನೊಳಗೆ ಬಂದು ನಿಂತ ಮೇಲೆ ಅವನು ಚಹಾ ಕುಡಿಯುತ್ತಿದ್ದ.

ಮಾರ್ಚಿನ ನಡುವೆ ಫ್ಯಾಕ್ಟರಿ ಶನಿವಾರಕ್ಕೆ ಹಂಗಾಮು ಮುಗಿಸುವುದಾಗಿ ಸಾರಿತು. ಊರಿನಲ್ಲಿ ಇನ್ನೂ ನಿಂತಿದ್ದದ್ದು ಎರಡು ಹೊಲ, ಒಂದು ಮುರಗೆಪ್ಪನದು, ಇನ್ನೊಂದು ಜಯಪಾಲನದು. ಮುರಗೆಪ್ಪ ಕೊರಳಿಗೆ ತುಳಸಿ ಮಾಲೆ ಹಾಕಿಕೊಂಡವನು, ಪ್ರತಿ ಏಕಾದಶಿಗೆ ಭಜನೆಗೆ ಕೂರುವವನು. ಸಾರಾಯಿ ಮುಟ್ಟುವುದು ಹಾಗಿರಲಿ, ಅಂಗಡಿಯ ಮುಂದೆ ಹಾಯುವಾಗ ಉಸಿರು ಹಿಡಿಯುತ್ತಿದ್ದ. ಪಾಕೀಟು ಕೊಡದ ಕಾರಣಕ್ಕೇ ಅವನ ಪಾಳಿ ಕೊನೆಯವರೆಗೆ ಜಾರಿತ್ತು. ಶುಕ್ರವಾರ ಕಬ್ಬು ಕಡಿಯಲು ಫ್ಯಾಕ್ಟರಿಯ ಚೀಟಿ ಬಂತು. ಗ್ಯಾಂಗಿನವರು ಕಬ್ಬು ಕಡಿದು ಮಲಗಿಸಿದರು. ಜ್ಞಾನದೇವ ಹೊಲದ ದಂಡೆಗೆ ಬಂದು, “ಖುಷಿ ಇಲ್ಲಂದ್ರ ನಾಳಿ ಜಯಪಾಲನ ಹೊಲಾ” ಎಂದು ಹೇಳಿಹೋದ. ಮುರಗೆಪ್ಪ ರಾತ್ರಿಯೆಲ್ಲ ಮಾಲೆ ಎಣಿಸಿದ. ಬೆಳಿಗ್ಗೆ ಹೆಂಡತಿ ರುಕ್ಮವ್ವ ಏನೂ ಕೇಳದೆ ತಲೆತುಂಬ ಸೆರಗು ಹೊದ್ದು ಅಂಗಡಿಗೆ ಹೋಗಿ ಬಂದಳು.

ಕೊನೆಯ ಖೇಪಿಗೆ, ಅಂದರೆ ಹಂಗಾಮಿನ ಕೊನೆಯ ಹೇರಿಗೆ, ಟ್ರ್ಯಾಕ್ಟರನ್ನು ಮದುಮಗನಂತೆ ಸಿಂಗರಿಸುತ್ತಾರೆ. ಶನಿವಾರ ಜ್ಞಾನದೇವನ ಟ್ರ್ಯಾಕ್ಟರಿಗೆ ಬಾಳೆಯ ಕಂಬ ಕಟ್ಟಿದ್ದರು, ಗುಲಾಲು ಎರಚಿದ್ದರು, ಮಡಗಾರ್ಡಿಗೆ ದೊಡ್ಡ ಸ್ಪೀಕರ್ ಬಿಗಿದಿದ್ದರು. ಹುಡುಗನ ಕಣ್ಣುಗಳು ಗುಲಾಲಿಗಿಂತ ಕೆಂಪಾಗಿದ್ದವು. ಅದು ಲಾಲಸಾಬನಿಗೆ ಕಾಣಲಿಲ್ಲ. ಆದರೆ ಸ್ಟಾರ್ಟ್ ಮಾಡುವಾಗ ಕ್ಲಚ್ಚು ಎರಡು ಸಲ ಹಾರಿದ್ದು ಕೇಳಿಸಿತು. ಅವನು ಬೇವಿನ ಕೆಳಗಿನಿಂದ ಎದ್ದು ಹೋಗಿ ಮಡಗಾರ್ಡಿನ ಮೇಲೆ ಕೂತುಬಿಟ್ಟ.

“ಎಲ್ಲಿಗೆ ಮಾಮಾ?”

“ನಿನ್ನ ಕೂಡ.”

“ಬಾ, ಬಾ. ಮುದಕನ ಮೆರವಣಿಗಿನೂ ಆಗಲಿ.”

ಮುರಗೆಪ್ಪನ ಹೊಲದಲ್ಲಿ ರುಕ್ಮವ್ವ ರೊಟ್ಟಿಯ ಬುಟ್ಟಿಯಿಂದ ಎರಡು ಪಾಕೀಟು ತೆಗೆದಳು. ಲಾಲಸಾಬ ಇಳಿದು ಅವಳ ಹತ್ತಿರ ಹೋದ.

“ಕೊಡಬ್ಯಾಡವ್ವಾ. ಮುಂಜಾನಿಂದ ಕುಡದಾನ ಅಂವಾ.”

“ನನಗ ಕುಡಸೂ ಹೌಸಿ ಐತೇನೋ ಮಾಮಾ? ಕೊಡದಿದ್ರ ಬಿಟ್ಟ ಹೋಗ್ತಾನ. ಇವತ್ತ ಫ್ಯಾಕ್ಟರಿ ಬಂದ್. ಅರ್ಧ ಎಕರೆ ಕಬ್ಬಿಗೆ ಬೆಂಕಿ ಇಡಲೇನು?”

“ನನ್ನ ಕೈಯಾಗರೆ ಕೊಡು. ಫ್ಯಾಕ್ಟರಿ ಮುಟ್ಟಿದ ಮ್ಯಾಲೆ ಕೊಡ್ತೇನಿ.”

ಅವಳ ಕೈ ಒಂದು ಗಳಿಗೆ ಅವನ ಕಡೆಗೆ ತಿರುಗಿತು ಕೂಡ. ಅಷ್ಟರಲ್ಲಿ ಹುಡುಗ ನಡುವೆ ಬಂದು ಎರಡನ್ನೂ ಕಿತ್ತುಕೊಂಡು, ಒಂದರ ಮೂಲೆಯನ್ನು ಹಲ್ಲಿನಿಂದ ಹರಿದು ಬಾಯಿಗೆ ಹಿಂಡಿಕೊಂಡ. ಮುರಗೆಪ್ಪ ಬೇರೆ ಕಡೆ ಮುಖ ಮಾಡಿ ಹೊರೆ ಎತ್ತಿದ. ಎರಡನೆಯ ಪಾಕೀಟೂ ಖಾಲಿಯಾಗಿ ಕಬ್ಬಿನ ಒಣಗರಿಯ ರವದಿಯ ಮೇಲೆ ಬಿತ್ತು.

ಹೇರು ಮುಗಿದಾಗ ಮೂರು ದಾಟಿತ್ತು. ಟ್ರೇಲರಿನ ಪಟ್ಟಿಯ ಮೇಲೂ ಆಳೆತ್ತರ ಕಬ್ಬು. ಮುರಗೆಪ್ಪ ಕೈಯಲ್ಲಿ ಚೀಟಿ ಹಿಡಿದು ತಾನೂ ಬಂದ. ಸಂಜೆಯೊಳಗೆ ಗೇಟು ದಾಟಿಸುವವರೆಗೆ ಅವನಿಗೆ ನೆಮ್ಮದಿಯಿರಲಿಲ್ಲ. ರುಕ್ಮವ್ವ ದಂಡೆಯಲ್ಲಿ ನಿಂತು ಟ್ರ್ಯಾಕ್ಟರಿಗೆ ಕೈಮುಗಿದಳು.

ಕಾಲುವೆಯ ಈ ಕಡೆಗೆ ಒಂದು ಏರು ಇದೆ. ಹೆಚ್ಚು ಉದ್ದವಿಲ್ಲ, ಆದರೆ ಗೋಡೆಯಂತೆ ನಿಂತಿದೆ. ಎರಡು ತುಂಬಿದ ಟ್ರೇಲರ್, ಡ್ರೈವರರ ಬಾಯಲ್ಲಿ ಡಬ್ಬಿ, ಹಿಂದಕ್ಕೆ ಜಗ್ಗುವಾಗ ಅಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಅದಕ್ಕೊಂದು ಉಪಾಯವಿತ್ತು: ಒಬ್ಬಿಬ್ಬರು ಬಾನೆಟ್ಟಿನ ಮುಂದೆ, ಬಂಪರಿನ ಮೇಲೆ ನಿಲ್ಲುವುದು. ಮನುಷ್ಯನ ತೂಕದಿಂದ ಗಾಲಿ ನೆಲ ಹಿಡಿಯುತ್ತದೆ. ಮುಂಭಾರಕ್ಕೆ ಕಬ್ಬಿಣದ ತುಂಡು ಕೂಡಿಸಬಹುದಿತ್ತು. ಕಬ್ಬಿಣಕ್ಕೆ ರೊಕ್ಕ ಬೀಳುತ್ತದೆ, ಮನುಷ್ಯ ಪುಕ್ಕಟೆ ನಿಲ್ಲುತ್ತಾನೆ.

ಏರಿನ ಬುಡದಲ್ಲಿ ಲಾಲಸಾಬ ಕೂಗಿದ, “ನಿಂದರಸು. ಒಂದನೇ ಗೇರ್ ಹಾಕು. ಒಂದೊಂದ ಡಬ್ಬಿ ಬಿಚ್ಚಿ ಏರಸೂಣು.”

“ಮುಂದ ನೋಡ ಮಾಮಾ, ಬ್ಯಾರೆ ಮಾಲಕನ ಗಾಡಿ ಏರಾಕತ್ತೈತಿ. ಅದರ ಹಿಂದ ಹೋಗಲೇನು ನಾ?”

“ಗ್ಯಾನ್ಯಾ, ಇಳಿ. ನಾ ಹೊಡೀತೇನಿ.”

“ನಿನಗ ರಸ್ತೆ ಕಾಣ್ತೈತೇನ?” ಎಂದ ಹುಡುಗ, ನಗುತ್ತ, ಬೈಗುಳವಲ್ಲ ಎನ್ನುವ ಹಾಗೆ.

ಲಾಲಸಾಬ ಕೀಲಿಗೆ ಕೈ ಹಾಕಿದ. ಹುಡುಗ ಆ ಕೈಯನ್ನು ತಳ್ಳಿದ. ಅಷ್ಟರಲ್ಲಿ ಮುರಗೆಪ್ಪ ಹಿಂದಿನ ಟ್ರೇಲರಿನಿಂದ ಇಳಿದು ಓಡಿಬಂದು ಬಂಪರಿನ ಮೇಲೆ ಹತ್ತಿ ನಿಂತಿದ್ದ. ತನ್ನ ಕಬ್ಬು ಏರಬೇಕು, ಹೊತ್ತು ಹೋಗುತ್ತಿತ್ತು. ಬಾನೆಟ್ಟನ್ನು ಎರಡೂ ಕೈಯಿಂದ ತಬ್ಬಿ, “ಹೂಂ, ಹೊಡೀರಿ ಡ್ರೈವರ್ ಸಾಹೇಬ್ರ” ಅಂದ.

ಹುಡುಗ ಮೂರನೆಯ ಗೇರಿನಲ್ಲೇ ಏರಿಗೆ ನುಗ್ಗಿಸಿದ. ಅರ್ಧಕ್ಕೆ ಇಂಜಿನ್ ಉಬ್ಬಸಪಟ್ಟಿತು. ಅವನು ಕ್ಲಚ್ಚು ತುಳಿದ. ಹಿಂದಿನ ಭಾರ ಒಮ್ಮೆ ಜಗ್ಗಿತು. ಹೆದರಿ, ಗೇರು ಬದಲಿಸಿ, ಪೂರ್ತಿ ರೇಸು ಕೊಟ್ಟು ಕ್ಲಚ್ಚಿನಿಂದ ಕಾಲು ಒಮ್ಮೆಲೇ ಎತ್ತಿದ. ಲಾಲಸಾಬನಿಗೆ ಕಂಡದ್ದು ಇಷ್ಟು: ಮುಂದೆ ಇದ್ದ ರಸ್ತೆ ಮಾಯವಾಗಿ ಆಕಾಶ ಬಂತು. ಬಾಳೆಯ ಕಂಬಗಳು ಆಕಾಶಕ್ಕೆ ಏರಿದವು, ಅವುಗಳ ನಡುವೆ ಬಿಳಿ ಅಂಗಿಯ ಒಂದು ನೆರಳು ಏರಿತು. ಆಮೇಲೆ ಆಕಾಶ ಹೋಗಿ ಮತ್ತೆ ರಸ್ತೆ ಬಂತು. ನೆರಳು ಇರಲಿಲ್ಲ. ಟ್ರ್ಯಾಕ್ಟರ್ ನಾಲ್ಕು ಮಾರು ಮುಂದಕ್ಕೆ ಹೋಗಿ ನಿಂತಿತು. ಸ್ಪೀಕರಿನಲ್ಲಿ ಹಾಡು ನಡೆದೇ ಇತ್ತು. ಅದನ್ನು ಬಂದ್ ಮಾಡಬೇಕೆಂದು ಬಹಳ ಹೊತ್ತು ಯಾರಿಗೂ ಹೊಳೆಯಲಿಲ್ಲ.

ಮುರಗೆಪ್ಪ ಗಾಲಿಯ ಕೆಳಗೆ ಅಲ್ಲೇ ಸತ್ತಿದ್ದ, ಆಸ್ಪತ್ರೆಗೆ ಒಯ್ದದ್ದು ಕಾಗದದ ಕಾರಣಕ್ಕೆ ಮಾತ್ರ.

ಠಾಣೆಗೆ ಎಲ್ಲರಿಗಿಂತ ಮೊದಲು ಮುಟ್ಟಿದವನು ಕಾಕಾಸಾಹೇಬ. ಲಾಲಸಾಬನ ಲೈಸೆನ್ಸ್ ಅವನ ಕಪಾಟಿನಲ್ಲೇ ಇರುತ್ತಿತ್ತು. ಅದೀಗ ಹವಾಲ್ದಾರನ ಮೇಜಿನ ಮೇಲಿತ್ತು. ಜ್ಞಾನದೇವ ವಾಂತಿಯ ಅಂಗಿಯಲ್ಲೇ ಮೂಲೆಯಲ್ಲಿ ಮುದುಡಿ ಕೂತಿದ್ದ. ದುಂಡವ್ವ ಓಡಿ ಬಂದವಳು ಲಾಲಸಾಬನ ಎರಡೂ ಕಾಲು ಹಿಡಿದುಕೊಂಡಳು.

“ಅಣ್ಣಾ, ನನ್ನ ಮಗನ್ನ ಉಳಸು. ನಾನ ಅಂದಬಿಡು. ಜೀವಂತ ಒಪ್ಪಸ್ತೇನಿ ಅಂದಿದ್ದಿಲ್ಲೇನು?”

“ಅದಕ್ಕಽ ಕೂತೇನಿ ತಂಗೀ ಇಲ್ಲಿ.”

“ಬರಕೋರಿ ಹವಾಲ್ದಾರ್ರ,” ಎಂದ ಕಾಕಾಸಾಹೇಬ. “ಡ್ರೈವರ್ ಲಾಲಸಾಬ. ಮುದುಕ, ಕೈ ತಪ್ಪೈತಿ. ಹೌದಿಲ್ಲೋ ಲಾಲಸಾಬ?”

ಲಾಲಸಾಬ ಗೋಡೆ ಹಿಡಿದು ಎದ್ದು ನಿಂತ. “ಅಲ್ರಿ. ಜ್ಞಾನದೇವ ಹೊಡೀತಿದ್ದ. ಕುಡದಿದ್ದ. ಹದಿನಾರ ವರ್ಷ. ಕೂಡಿಸಿದಾವ್ರು ಈ ಮಾಲಕ್ರು.”

 ದುಂಡವ್ವನ ಕೈಗಳು ಅವನ ಕಾಲು ಬಿಟ್ಟವು. ಹವಾಲ್ದಾರ ಪೆನ್ನಿನ ಮುಚ್ಚಳ ಹಾಕಿದ.

“ಅಜ್ಜಾ, ನಿನ್ನ ಕಣ್ಣ ನೋಡಿದ್ರ ಗೊತ್ತಾಗ್ತೈತಿ, ಎದುರಿಗಿದ್ದಾಂವ ಯಾರಂತ ಕಾಣೂದಿಲ್ಲ ನಿನಗ. ಯಾರ ಹೊಡೀತಿದ್ರು ಅಂತ ನೀ ಹೆಂಗ ಸಾಕ್ಷಿ ಹೇಳ್ತೀ?”

“ಸಾಕ್ಷಿ ಹೇಳಾಕ ಕಾಣದ ಕಣ್ಣು ಟ್ರ್ಯಾಕ್ಟರ್ ಹೊಡ್ಯಾಕ ಕಾಣ್ತಾವೇನ್ರಿ ಸಾಹೇಬ್ರ?”

ಬಾಗಿಲಲ್ಲಿ ನಿಂತ ಯಾರೋ ಮೆಲ್ಲಗೆ ಕೆಮ್ಮಿದರು. ಹವಾಲ್ದಾರನ ಮುಖ ಬಿಗಿಯಿತು. “ಭಾಳ ಮಾತಾಡಬ್ಯಾಡ. ನಿನ್ನ ಬಿಟ್ಟ ಯಾರ ನೋಡ್ಯಾರ ಹೇಳು. ಮುಂದಿನ ಗಾಡಿಯಾವ್ರು ತಿರುಗಿ ನೋಡಿಲ್ಲ ಅಂದಾರ. ಸತ್ತಾಂವ ಎದ್ದ ಬಂದ ಹೇಳ್ತಾನೇನು?”

ಲಾಲಸಾಬ ದುಂಡವ್ವನ ಕಡೆ ತಿರುಗಿದ. “ತಂಗೀ, ರಾವಸಾಹೇಬನ ಸಲುವಾಗಿ ನಾನ ಅಂದಿದ್ನಿ. ಮೂರನೇ ದಿನ ಮತ್ತ ಏರಿದ, ಒಂದೂವರೆ ತಿಂಗಳಿಗೆ ಹೋದ. ಇವತ್ತ ನಾ ಹೂಂ ಅಂದ್ರ ಮುಂದಿನ ಹಂಗಾಮಿಗೆ ನಿನ್ನ ಮಗಾ ಮತ್ತ ಅದಽ ಸೀಟಿನ ಮ್ಯಾಲೆ. ಆವಾಗ ನಾ ಏನ ಒಪ್ಪಸ್ಲಿ ನಿನಗ?”

ಅವಳು ನೆಲಕ್ಕೆ ಹಣೆ ಒತ್ತಿ ಕೂತಿದ್ದಳು.

ಆಗ ಬಾಗಿಲಿನ ಮಂದಿ ಎರಡು ಕಡೆ ಸರಿದರು. ಆಸ್ಪತ್ರೆಯಿಂದ ಬಂದ ರುಕ್ಮವ್ವ ಅವರ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹಣೆಯ ಕುಂಕುಮ ಇನ್ನೂ ಇತ್ತು. ಅಳಿಸುವವರು ಇನ್ನೂ ಅವಳನ್ನು ಮುಟ್ಟಿರಲಿಲ್ಲ. ಕಾಕಾಸಾಹೇಬ ಎದ್ದು ನಿಂತು ದನಿ ಇಳಿಸಿದ.

“ಅಕ್ಕಾ, ಆದದ್ದ ಆಗಿ ಹೋತು. ನಿನ್ನ ಕಬ್ಬ ಫ್ಯಾಕ್ಟರಿಗೆ ಮುಟ್ಟಸೇನಿ, ನನ್ನ ಬ್ಯಾರೆ ಟ್ರ್ಯಾಕ್ಟರ್ ಹಚ್ಚಿ.”

“ಯಾರ ಹೊಡಕೊಂಡ ಹೋದ್ರು ಅದನ್ನ?” ಎಂದಳು ರುಕ್ಮವ್ವ.

ಕಾಕಾಸಾಹೇಬ ಮತ್ತೆ ಕುರ್ಚಿಯ ಮೇಲೆ ಕೂತ. ಎಲ್ಲರಿಗೂ ಗೊತ್ತಿತ್ತು. ಅವನ ಉಳಿದ ಇಬ್ಬರೂ ಡ್ರೈವರರು ಹುಡುಗರೇ.

ಅವಳು ಮೇಜಿನ ಮುಂದೆ ಬಂದು ನಿಂತಳು. “ಯಾರ ನೋಡ್ಯಾರ ಅಂದ್ರಲ್ಲ. ನಾ ನೋಡೇನಿ ಬರಕೋರಿ. ಹೊಲದಿಂದ ಗಾಡಿ ಹೊಂಟಾಗ ಸ್ಟೇರಿಂಗ್ ಮ್ಯಾಲೆ ಈ ಹುಡುಗ ಇದ್ದ. ನನ್ನ ಗಂಡ ಹಿಂದಿನ ಡಬ್ಬಿ ಹಿಡಕೊಂಡ ಹೊಂಟಿದ್ದ.”

“ಆತು,” ಎಂದು ಹವಾಲ್ದಾರ ಒಲ್ಲದ ಮನಸ್ಸಿನಿಂದ ಮುಚ್ಚಳ ತೆಗೆದ.

“ಇನ್ನೂ ಮುಗದಿಲ್ರಿ. ಇಂವಾ ಎರಡ ಪಾಕೀಟ ಕುಡದಾನ. ಕೊಟ್ಟಾಕಿ ನಾನು.”

ಹವಾಲ್ದಾರ ತಲೆ ಎತ್ತಿದ. ಬಾಗಿಲಲ್ಲಿ ನಿಂತ ರೈತರಲ್ಲಿ ಒಂದು ಗುಜುಗುಜು ಎದ್ದಿತು. ಅವರಲ್ಲಿ ಜಯಪಾಲನಿದ್ದ, ಹಂಗಾಮಿನುದ್ದಕ್ಕೂ ಕುಡಿಸಿದ ಮತ್ತಿಬ್ಬರಿದ್ದರು. ಒಬ್ಬ, “ಅದನ್ಯಾಕ ಹೇಳ್ತೀಬೇ ಯಕ್ಕಾ, ನಿನ್ನ ಮ್ಯಾಲೆ ಬರ್ತೈತಿ” ಎಂದು ಪಿಸುಗುಟ್ಟಿದ.

“ಬರಲಿ.”

“ಅದನ್ನ ಬರಿಯೂ ಅಗತ್ಯ ಇಲ್ಲಮ್ಮಾ,” ಎಂದ ಹವಾಲ್ದಾರ. “ಪದ್ಧತಿ ಅದು. ಎಲ್ಲಾರೂ ಕೊಡ್ತಾರ.”

“ಅದಕ್ಕಽ ಬರೀರಿ.”

ಮೂಲೆಯಿಂದ ಹುಡುಗ ತಲೆ ಎತ್ತಿ, ನಶೆ ಪೂರ್ತಿ ಇಳಿಯದ ದನಿಯಲ್ಲಿ, “ಮಾಮಾ, ನಾ ಮನಿಗೆ ಹೋಗಲೇನು?” ಎಂದು ಕೇಳಿದ. ಅವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಲಾಲಸಾಬ ಹೋಗಿ ಅವನ ಪಕ್ಕದಲ್ಲಿ ನೆಲಕ್ಕೆ ಕೂತ. “ಇಲ್ಲೋ ಮಗನಽ” ಅಂದ. ದುಂಡವ್ವ ಹಣೆ ಎತ್ತಿ ನೋಡಿದಳು. ಶಪಿಸಲಿಲ್ಲ. ತೆವಳಿಕೊಂಡು ಬಂದು ಮಗನ ಇನ್ನೊಂದು ಪಕ್ಕಕ್ಕೆ ಕೂತು ತನ್ನ ಸೆರಗಿನಿಂದ ಅವನ ಬಾಯಿ ಒರೆಸಿದಳು.

ಹವಾಲ್ದಾರ ಕಾಕಾಸಾಹೇಬನ ಮುಖ ನೋಡಿದ, ಕಾಕಾಸಾಹೇಬ ಬಾಗಿಲಿನ ರೈತರ ಮುಖ ನೋಡಿದ, ರೈತರು ನೆಲ ನೋಡಿದರು. ರುಕ್ಮವ್ವ ಮಾತ್ರ ಕಾಗದವನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಪಾಕೀಟಂತ ಬರದ್ರ್ಯಾ?” ಎಂದಳು.

“ಬರೀತೇನಿ ಕುಂಡ್ರಮ್ಮಾ.”

“ನಿಂತಿರ್ತೇನಿ. ಬರದ ಓದಿ ಹೇಳ್ರಿ.”